ಮಡಿಸಿ ಬಡಿದ ಉಕ್ಕು: ಜಪಾನಿ ಕತ್ತಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸದ ಮೇಲೆ ನಾಲ್ಕು ವರ್ಷ ನಗೋಯಾದಲ್ಲಿದ್ದೆ. ಅಲ್ಲಿಂದ ಸುಮಾರು ಒಂದು ಗಂಟೆ ದಾರಿಯಲ್ಲಿ ಸೆಕಿ ಅಂತ ಒಂದು ಊರಿದೆ. ಏಳುನೂರು ವರ್ಷಗಳಿಂದ ಕತ್ತಿ ಮಾಡುತ್ತಿರುವ ಊರು. ಈಗ ಅಲ್ಲಿ ಅಡುಗೆಮನೆ ಚಾಕು, ಕತ್ತರಿಗಳದ್ದೇ ಕಾರುಬಾರು. ಒಂದು ಭಾನುವಾರ ಸುಮ್ನೆ ನೋಡಿಕೊಂಡು ಬರೋಣ ಅಂತ ಹೋದವನು ಹುಚ್ಚು ಹಿಡಿಸಿಕೊಂಡು ಬಂದೆ. ಮೈಸೂರಿಗೆ ವಾಪಸ್ ಬಂದ ಮೇಲೆ ನೆಂಟರು, ಆಫೀಸಿನವರು, ಅವರ ಮಕ್ಕಳು ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಪ್ರತಿ ಸಲ ಮೊದಲಿಂದ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ನಾನು ಪಂಡಿತನಲ್ಲ. ಕತ್ತಿಯನ್ನು ನೋಡುವುದು ಹೇಗೆ ಅಂತ ಇನ್ನೂ ಕಲಿಯುತ್ತಿರುವವನು.

ಸಾವಿರ ಸಲ ಮಡಿಸುತ್ತಾರಂತೆ. ನಿಜಾನಾ?

ಇಲ್ಲ. ಸಾಮಾನ್ಯವಾಗಿ 10ರಿಂದ 15 ಸಲ, ಅಷ್ಟೇ. ಒಂದು ಸಲ ಮಡಿಸಿದರೆ ಎರಡು ಪದರ, ಇನ್ನೊಂದು ಸಲಕ್ಕೆ ನಾಲ್ಕು. ಹೀಗೆ ಹತ್ತನೇ ಮಡಿಕೆಗೆ 1,024 ಪದರ ಆಗುತ್ತದೆ, ಹದಿನೈದನೆಯದಕ್ಕೆ 32,768. ಸಾವಿರ ಅನ್ನುವುದು ಪದರದ ಲೆಕ್ಕ, ಮಡಿಕೆಯ ಲೆಕ್ಕ ಅಲ್ಲ. ಮಾರುವವರು ಎರಡನ್ನೂ ಕಲೆಸಿಬಿಟ್ಟಿದ್ದಾರೆ.

ನಿಜವಾಗಿ ಸಾವಿರ ಸಲ ಮಡಿಸಲು ಹೋದರೆ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಕಾಯಿಸಿದಾಗಲೆಲ್ಲ ಮೇಲ್ಮೈ ಸುಟ್ಟು ಪೊರೆಪೊರೆಯಾಗಿ ಉದುರುತ್ತದೆ. ಕಾರ್ಬನ್ ಕೂಡ ಇಳಿಯುತ್ತಾ ಹೋಗುತ್ತದೆ. ಅತಿಯಾಗಿ ಮಡಿಸಿದರೆ ಉಕ್ಕು ಹೋಗಿ ಮೆತ್ತನೆಯ ಕಬ್ಬಿಣ ಆಗುತ್ತದೆ.

ಮತ್ತೆ ಮಡಿಸುವುದಾದರೂ ಯಾಕೆ?

ಕೈಗೆ ಸಿಗುವ ಉಕ್ಕು ಒಂದೇ ಸಮ ಇರುವುದಿಲ್ಲ, ಅದಕ್ಕೆ.

ಜಪಾನಿನಲ್ಲಿ ಕಬ್ಬಿಣದ ಕಲ್ಲಿಗಿಂತ ಕಬ್ಬಿಣದ ಮರಳು ಜಾಸ್ತಿ. ಆ ಕಪ್ಪು ಮರಳನ್ನು ಇದ್ದಿಲಿನ ಜೊತೆ ಮಣ್ಣಿನ ಕುಲುಮೆಯಲ್ಲಿ ಕರಗಿಸುತ್ತಾರೆ. ಈ ಕುಲುಮೆಗೆ ತಾತಾರಾ ಅಂತ ಹೆಸರು. ಶಿಮಾನೆ ಪ್ರಾಂತ್ಯದ ಒಕುಇಜುಮೋದಲ್ಲಿ 1977ರಲ್ಲಿ ಇದಕ್ಕೆ ಮತ್ತೆ ಜೀವ ಕೊಟ್ಟರು. ಚಳಿಗಾಲದಲ್ಲಿ ಮಾತ್ರ ಉರಿಸುತ್ತಾರೆ. ಒಂದು ಸಲ ಹೊತ್ತಿಸಿದರೆ ಮೂರು ಹಗಲು ಮೂರು ರಾತ್ರಿ ಆರಿಸುವಂತಿಲ್ಲ. ಅರ್ಧ ಗಂಟೆಗೊಮ್ಮೆ ಮರಳು, ಇದ್ದಿಲು, ಮರಳು, ಇದ್ದಿಲು. ಒಟ್ಟು ಸುಮಾರು 10 ಟನ್ ಮರಳು, 12 ಟನ್ ಇದ್ದಿಲು ಹಿಡಿಯುತ್ತದೆ. ಕೊನೆಗೆ ಕುಲುಮೆಯನ್ನೇ ಒಡೆದು ಹಾಕಿ ಒಳಗಿನ ದಿಮ್ಮಿಯನ್ನು ಎಳೆದು ತೆಗೆಯುತ್ತಾರೆ. ಎರಡೂವರೆ ಟನ್ ತೂಗುವ ಆ ದಿಮ್ಮಿಯಲ್ಲಿ ಕತ್ತಿಗೆ ಒಗ್ಗುವ ಒಳ್ಳೆಯ ಉಕ್ಕು ಒಂದು ಟನ್ ಆಸುಪಾಸು. ಅದೇ ತಾಮಾಹಗಾನೆ.

ಈ ತಾಮಾಹಗಾನೆಯ ತುಂಡು ನೋಡಿದರೆ ನಿಮಗೆ ಇದರಿಂದ ಕತ್ತಿ ಆಗುತ್ತದಾ ಅನ್ನಿಸುತ್ತದೆ. ಬೆಳ್ಳಿ ಬಣ್ಣದ ಮುರುಕು ಕಲ್ಲಿನ ಹಾಗೆ, ತೂತುತೂತು. ಒಂದು ಕಡೆ ಕಾರ್ಬನ್ ಜಾಸ್ತಿ, ಇನ್ನೊಂದು ಕಡೆ ಕಡಿಮೆ, ಮಧ್ಯೆ ಕಿಟ್ಟ. ಇದನ್ನು ಕಾಯಿಸಿ, ಬಡಿದು, ಉಳಿಯಿಂದ ಗೀರು ಹಾಕಿ, ಮಡಿಸಿ ಮತ್ತೆ ಬಡಿದರೆ ಕಿಟ್ಟ ಕಿಡಿಯಾಗಿ ಸಿಡಿದು ಹೊರಗೆ ಹೋಗುತ್ತದೆ, ಕಾರ್ಬನ್ ಎಲ್ಲ ಕಡೆ ಸಮನಾಗಿ ಹರಡುತ್ತದೆ. ಹೋಳಿಗೆ ಕಣಕ ನಾದುವುದು ಯಾಕೆ? ಗಂಟು ಹೋಗಿ ಹಿಟ್ಟು ಒಂದೇ ಹದಕ್ಕೆ ಬರಲಿ ಅಂತ. ಇಲ್ಲೂ ಅದೇ. ಮಡಿಸುವುದು ಅಂದರೆ ಮಾಂತ್ರಿಕ ಶಕ್ತಿ ತುಂಬುವುದಲ್ಲ, ಕೊರತೆ ಇರುವ ಕಚ್ಚಾ ಮಾಲನ್ನು ದಾರಿಗೆ ತರುವುದು.

ಬಡಿಯುವ ರೀತಿ ನೋಡಲು ಚೆಂದ. ಗುರು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಜಾಗ ತೋರಿಸುತ್ತಾನೆ. ಎದುರು ನಿಂತ ಶಿಷ್ಯ ದೊಡ್ಡ ಸುತ್ತಿಗೆ ಎತ್ತಿ ಅಲ್ಲೇ ಹೊಡೆಯುತ್ತಾನೆ. ಟಿಣ್, ಧಡ್, ಟಿಣ್, ಧಡ್. ಹೀಗೆ ಒಂದಾದ ಮೇಲೊಂದು ಬೀಳುವ ಪೆಟ್ಟಿಗೆ ಐಜುಚಿ ಅನ್ನುತ್ತಾರೆ. ಯಾರಾದರೂ ಮಾತಾಡುವಾಗ ನಾವು ಹೂಂಗುಟ್ಟುತ್ತೇವಲ್ಲ, ಅದಕ್ಕೂ ಜಪಾನಿನಲ್ಲಿ ಇದೇ ಪದ!

ಮಡಿಸಿದ್ದರಿಂದಲೇ ಕತ್ತಿ ಅಷ್ಟು ಹರಿತ, ಅಲ್ವಾ?

ಅಲ್ಲ. ಹರಿತದ ಗುಟ್ಟು ಇರುವುದು ಮಣ್ಣು ಮತ್ತು ನೀರಿನಲ್ಲಿ.

ನಮ್ಮ ಹಳ್ಳಿಯ ಕಮ್ಮಾರರೂ ಕುಡುಗೋಲು, ಮಚ್ಚಿಗೆ ಹದ ಹಾಕುತ್ತಾರೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಉಕ್ಕು ಗಡುಸಾಗುತ್ತದೆ. ಆದರೆ ಇಡೀ ಅಲಗನ್ನು ಗಡುಸು ಮಾಡಿದರೆ ಪೆಟ್ಟು ಬಿದ್ದಾಗ ಗಾಜಿನ ಹಾಗೆ ಮುರಿಯುತ್ತದೆ. ಜಪಾನಿ ಕಮ್ಮಾರ ಇಲ್ಲಿ ಒಂದು ಉಪಾಯ ಮಾಡುತ್ತಾನೆ. ಜೇಡಿಮಣ್ಣು, ಇದ್ದಿಲಪುಡಿ, ಕಲ್ಲಪುಡಿ ಕಲಸಿ ಅಲಗಿಗೆ ಬಳಿಯುತ್ತಾನೆ. ಬೆನ್ನಿನ ಕಡೆ ದಪ್ಪಗೆ, ಬಾಯಿಯ ಕಡೆ ತೆಳ್ಳಗೆ. ಆಮೇಲೆ ಕತ್ತಲು ಮಾಡಿಕೊಂಡು ಕಾಯಿಸುತ್ತಾನೆ, ಬಣ್ಣ ಕಣ್ಣಿಗೆ ಸರಿಯಾಗಿ ಕಾಣಲಿ ಅಂತ. ನೀರಿಗೆ ಅದ್ದಿದಾಗ ತೆಳು ಮಣ್ಣಿನ ಬಾಯಿ ಥಟ್ಟನೆ ತಣ್ಣಗಾಗಿ ಗಡುಸಾಗುತ್ತದೆ. ದಪ್ಪ ಮಣ್ಣಿನ ಬೆನ್ನು ನಿಧಾನಕ್ಕೆ ತಣಿದು ಮೆತ್ತಗೆ ಉಳಿಯುತ್ತದೆ. ಈ ಎರಡೂ ಸೇರುವ ಗಡಿಯೇ ಹಾಮೊನ್, ಅಲಗಿನ ಉದ್ದಕ್ಕೂ ಹರಿಯುವ ಬಿಳಿ ಅಲೆ.

ಕತ್ತಿಯ ಬಾಗು ಕೂಡ ಬಹುಮಟ್ಟಿಗೆ ಅಲ್ಲೇ ಹುಟ್ಟುವುದು. ಗಡುಸಾದ ಉಕ್ಕು ಹಿಗ್ಗುತ್ತದೆ. ನೀರಿಗಿಳಿದ ಅಲಗು ಮೊದಲು ಬಾಯಿಯ ಕಡೆ ಬಗ್ಗಿ, ಮರುಕ್ಷಣ ಬೆನ್ನಿನ ಕಡೆಗೆ ಬಾಗುತ್ತದೆ. ಆಗಲೇ ಟಣ್ ಅಂತ ಬಿರುಕು ಬಿಟ್ಟರೆ ವಾರಗಟ್ಟಲೆ ಬಡಿದದ್ದು ಅಷ್ಟೂ ಹೋಯಿತು.

ಇನ್ನೊಂದು ವಿಷಯ. ಬಹಳಷ್ಟು ಕತ್ತಿಗಳಲ್ಲಿ ಒಳಗೆ ಮೆತ್ತನೆಯ ತಿರುಳು, ಹೊರಗೆ ಗಡುಸು ಉಕ್ಕಿನ ಹೊದಿಕೆ ಇರುತ್ತದೆ. ಕಡುಬಿನೊಳಗೆ ಹೂರಣ ಇಟ್ಟ ಹಾಗೆ.

ಮಡಿಸಿದ ಗುರುತು ಬರಿಗಣ್ಣಿಗೆ ಕಾಣುತ್ತದಾ?

ಕಾಣುತ್ತದೆ. ಆದರೆ ಅದು ತಾನಾಗಿ ಕಣ್ಣಿಗೆ ಬೀಳುವುದಿಲ್ಲ, ನಾವೇ ಹುಡುಕಬೇಕು.

ನಾನು ಮೊದಲ ಸಲ ಟೋಕಿಯೋದ ಮ್ಯೂಸಿಯಮ್‌ನಲ್ಲಿ ಒಂದು ಒಳ್ಳೆಯ ಕತ್ತಿಯ ಮುಂದೆ ನಿಂತಾಗ ಕಂಡದ್ದು ಹೊಳೆಯುವ ಕಬ್ಬಿಣದ ಪಟ್ಟಿ, ಅಷ್ಟೇ. ಎರಡು ನಿಮಿಷಕ್ಕೆ ಮುಂದೆ ಹೋದೆ. ಪಕ್ಕದಲ್ಲಿ ಒಬ್ಬ ಅಜ್ಜ ಗಾಜಿನ ಮುಂದೆ ಅರ್ಧ ಕುಕ್ಕರಗಾಲಲ್ಲಿ ಕೂತು ಏಳುತ್ತಿದ್ದ. ಬಸ್ಕಿ ಹೊಡೆಯುತ್ತಿದ್ದಾನೇನೋ ಅನ್ನಿಸಿತು. ನಾನು ನೋಡುತ್ತಿರುವುದು ಗೊತ್ತಾಗಿ ನಕ್ಕು, ಇಲ್ಲಿ ಬಾ ಅಂತ ಕೈ ಮಾಡಿ, ನನ್ನ ಹೆಗಲು ಒತ್ತಿ ತಗ್ಗಿಸಿದ. ಮೇಲಿನ ಬಲ್ಬಿನ ಬೆಳಕು ಅಲಗಿನ ಮೇಲೆ ಜಾರಿತು. ಬೆಳಕಿನ ಚುಕ್ಕೆ ಹೋದಲ್ಲೆಲ್ಲ ಬಿಳಿ ಅಲೆ ಎದ್ದು ನಿಂತಿತು. ಅದರ ಅಂಚಿನಲ್ಲಿ ಕಾಳುಕಾಳಾಗಿ ಏನೋ ಮಿನುಗಿತು. ಅಷ್ಟು ಹೊತ್ತೂ ಅಲ್ಲೇ ಇತ್ತು, ನನಗೆ ಕಂಡಿರಲಿಲ್ಲ ಅಷ್ಟೇ.

ಮಡಿಕೆಯ ಗುರುತು ಇರುವುದು ಹಾಮೊನ್‌ನಿಂದ ಮೇಲೆ, ಅಲಗಿನ ಮೈಯಲ್ಲಿ. ಅದಕ್ಕೆ ಹಾದಾ ಅನ್ನುತ್ತಾರೆ, ಚರ್ಮ ಅಂತ ಅರ್ಥ. ಹೆಸರುಗಳೆಲ್ಲ ಮರದಿಂದ ಬಂದವು. ಹಲಗೆಯ ನಾರಿನ ಹಾಗೆ ಇದ್ದರೆ ಇತಾಮೆ. ಗಂಟುಗಂಟಾದ ಉಂಗುರ ಕಂಡರೆ ಮೊಕುಮೆ. ನೇರ ಗೆರೆ ಇದ್ದರೆ ಮಾಸಾಮೆ. ಅಲೆಅಲೆಯಾಗಿ ಒಂದೇ ಲಯದಲ್ಲಿ ಹೋದರೆ ಅಯಾಸುಗಿ. ಇದು ಗಾಸ್ಸಾನ್ ಅನ್ನುವ ಕಮ್ಮಾರ ಮನೆತನದ ಗುರುತು. ಗೆರೆಗಳು ಎಷ್ಟು ಸಣ್ಣ ಅಂದರೆ ಚಿರೋಟಿಯ ಪದರ ನೋಡಿದ ಕಣ್ಣಿಗೆ ಇಲ್ಲಿ ನಿರಾಸೆಯೇ ಗತಿ.

ಹಾಮೊನ್ ಅಂಚಿನ ಮಿನುಗಿಗೂ ಎರಡು ಹೆಸರಿವೆ. ಕಾಳುಗಳು ಬಿಡಿಬಿಡಿಯಾಗಿ ಕಂಡರೆ ನಿಎ, ಚಿರೋಟಿ ರವೆ ಉದುರಿಸಿದ ಹಾಗೆ. ಬಿಡಿಸಿ ಕಾಣದೆ ಮಂಜಿನಂತಿದ್ದರೆ ನಿಓಯಿ, ಅಕ್ಕಿಹಿಟ್ಟಿನ ಧೂಳಿನ ಹಾಗೆ. ಈ ಎರಡನ್ನು ಬೇರೆಬೇರೆಯಾಗಿ ಗುರುತಿಸಲು ನನಗೆ ಒಂದು ವರ್ಷ ಹಿಡಿಯಿತು.

ಇದು ಡಮಾಸ್ಕಸ್ ಉಕ್ಕೇ ಅಲ್ವಾ?

ಅಲ್ಲ. ಮೈಮೇಲಿನ ನೀರಿನಂಥ ಗೆರೆಗೆ ಹೆಸರಾದ ನಿಜವಾದ ಡಮಾಸ್ಕಸ್ ಕತ್ತಿಯ ಉಕ್ಕಿನ ಕಥೆ ನಮ್ಮ ಕಡೆಯದು.

ದಕ್ಷಿಣ ಭಾರತದಲ್ಲಿ ಕಬ್ಬಿಣದ ತುಂಡುಗಳನ್ನು ಮಣ್ಣಿನ ಮೂಸೆಯಲ್ಲಿ ಹಾಕಿ, ಜೊತೆಗೆ ತಂಗಡಿ ಕಟ್ಟಿಗೆ, ಎಕ್ಕದ ಎಲೆಯಂಥವು ಇಟ್ಟು, ಬಾಯಿ ಮೆತ್ತಿ, ಕುಲುಮೆಯಲ್ಲಿ ಕರಗಿಸುತ್ತಿದ್ದರು. ಕಟ್ಟಿಗೆ, ಎಲೆಯ ಕಾರ್ಬನ್ ಕಬ್ಬಿಣಕ್ಕೆ ಸೇರಿ ಗಟ್ಟಿ ಉಕ್ಕಿನ ಬಿಲ್ಲೆ ಆಗುತ್ತಿತ್ತು. ಮೈಸೂರು ಸೀಮೆಯಲ್ಲಿ ಉಕ್ಕು ಮಾಡುವುದನ್ನು 1800-01ರಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ ನೋಡಿ ಬರೆದಿಟ್ಟಿದ್ದಾನೆ. ಇಂಗ್ಲಿಷರು ಇದನ್ನು ವೂಟ್ಜ್ ಅಂತ ಕರೆದರು. ಆ ಹೆಸರಿನಲ್ಲಿ 1795ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಲೇಖನ ಓದಿದ್ದಾರೆ. ಆ ಪದದ ಮೂಲ ನಮ್ಮ 'ಉಕ್ಕು' ಅನ್ನುವುದು ಹೆಚ್ಚಿನವರು ಒಪ್ಪುವ ಮಾತು. ಉಕ್ಕು ಕಿವಿಯಿಂದ ಕಿವಿಗೆ ಹೋಗುತ್ತಾ ವೂಟ್ಜ್ ಆಯಿತು.

ಇದರ ಮೇಲೆ ಕಾಣುವ ನೀರಿನಂಥ ಗೆರೆಗೆ ಮಡಿಕೆ ಕಾರಣವಲ್ಲ. ಕರಗಿದ ಉಕ್ಕು ನಿಧಾನಕ್ಕೆ ತಣಿದು, ಆಮೇಲೆ ಬಡಿಸಿಕೊಂಡಾಗ ಒಳಗಿನ ಕಾರ್ಬೈಡ್ ಅನ್ನುವ ಗಡುಸು ಕಣಗಳು ಸಾಲುಸಾಲಾಗಿ ನಿಂತದ್ದು ಹಾಗೆ ಕಾಣುತ್ತದೆ. ಜಪಾನಿನ ಕಮ್ಮಾರ ಮಡಿಸುತ್ತಾನೆ, ನಮ್ಮವರು ಕರಗಿಸುತ್ತಿದ್ದರು. ದಾರಿ ಬೇರೆ, ಗೆರೆ ಬೇರೆ. ಈಗ ಪೇಟೆಯಲ್ಲಿ ಡಮಾಸ್ಕಸ್ ಅಂತ ಮಾರುವ ಅಡುಗೆ ಚಾಕುಗಳು ಮೂರನೆಯ ಜಾತಿ. ಎರಡು ಥರದ ಉಕ್ಕು ಸೇರಿಸಿ ಬಡಿದು, ಆಸಿಡ್‌ನಲ್ಲಿ ಅದ್ದಿ ಗೆರೆ ಎಬ್ಬಿಸಿದವು.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ 'ಕೈಯಲ್ಲಿ ಮಡಿಸಿದ ಕಟಾನಾ' ತಗೊಳ್ಳಬಹುದಾ?

ನ್ಯೂಜೆರ್ಸಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಇಂಥದ್ದೊಂದು ತರಿಸಿದ್ದ. ಪೆಟ್ಟಿಗೆ ಮೇಲೆ ಡ್ರಾಗನ್ ಚಿತ್ರ. 'ಅಣ್ಣ, ನೋಡು, ಸಾವಿರ ಮಡಿಕೆಯದಂತೆ' ಅಂತ ಒರೆಯಿಂದ ಹಿರಿದು ತೋರಿಸಿದ. ಜೀಬ್ರಾ ಪಟ್ಟೆಯ ಹಾಗೆ ಕಪ್ಪು ಬಿಳಿ ಗೆರೆ ಎದ್ದು ಕಾಣುತ್ತಿತ್ತು. ಬಾಗಿಲ ಬಳಿ ನಿಂತರೂ ಕಾಣುತ್ತಿತ್ತು. ಅನುಮಾನ ಬಂದದ್ದೇ ಅಲ್ಲಿ.

ಊಟದ ಮೇಜಿನ ಮೇಲೆ ಪೇಪರ್ ಹಾಸಿ ಬಿಚ್ಚಿದೆವು. ಹಿಡಿಯ ಬಿದಿರು ಮೊಳೆ ತೆಗೆದರೆ ಹಿಡಿ ಸಡಿಲವಾಗಿ ತಾನೇ ಜಾರಿ ಬಂತು. ಒಳಗಿನ ತುದಿ ಗಿಡ್ಡ, ಪಳಪಳ, ಅರದ ಗುರುತೇ ಇಲ್ಲ. ಹಿತ್ತಾಳೆ ದೀಪ ಉಜ್ಜುವ ಕ್ರೀಮು ಬಟ್ಟೆಗೆ ಹಾಕಿ ಅಲಗಿನ ಒಂದು ಮೂಲೆ ತಿಕ್ಕಿದೆ. ಗೆರೆ ಮಾಯ. ಕೆಳಗೆ ನುಣ್ಣನೆಯ ಸಾದಾ ಉಕ್ಕು. ಗೆರೆಯನ್ನು ಮೇಲ್ಮೈಗೆ ಮಾತ್ರ ಕೊರೆದಿದ್ದರು. ಚಿಕ್ಕಮ್ಮ ಬಂದು ನೋಡಿ, 'ಅಷ್ಟು ದುಡ್ಡು ಕೊಟ್ಟು ತಂದಿದ್ದನ್ನ ದೀಪ ಉಜ್ಜಿದ ಹಾಗೆ ಉಜ್ಜಿಬಿಟ್ಟಿರಲ್ರೋ' ಅಂದರು.

ಎಲ್ಲವೂ ಮೋಸ ಅಂತ ಹೇಳುತ್ತಿಲ್ಲ. ಚೀನಾದ ಲಾಂಗ್‌ಚ್ವಾನ್ ಕತ್ತಿಗೆ ಹೆಸರಾದ ಹಳೆಯ ಊರು. ಅಲ್ಲಿ ನಿಜವಾಗಿಯೂ ಮಡಿಸಿ ಮಾಡುವವರಿದ್ದಾರೆ. ಆದರೆ ಈಗಿನ ಕಾರ್ಖಾನೆಯ ಉಕ್ಕು ಮೊದಲೇ ಶುದ್ಧವಾಗಿರುತ್ತದೆ. ಅದನ್ನು ಮಡಿಸಿದರೆ ಅಂದ ಬರಬಹುದು, ಬಲ ಹೆಚ್ಚುವುದಿಲ್ಲ. ಬೆಸುಗೆ ಸರಿಯಾಗಿ ಕೂಡದಿದ್ದರೆ ಬಲ ಕಡಿಮೆಯೇ ಆಗುತ್ತದೆ. ಚಾಪೆ ಕಡಿದು ಅಭ್ಯಾಸ ಮಾಡುವವರಿಗೆ ಮಡಿಸದ ಒಂದೇ ಉಕ್ಕಿನ ಕತ್ತಿಯೇ ವಾಸಿ. ಕತ್ತಿ ಹಿರಿಯುವ ವರಸೆ ಕಲಿಯುವವರಿಗೆ ಇಆಯಿತೋ ಸಾಕು. ಅದು ಸತು ಮತ್ತು ಅಲ್ಯೂಮಿನಿಯಮ್ ಮಿಶ್ರಲೋಹದ್ದು, ಹರಿತ ಇರುವುದಿಲ್ಲ.

ಕಟಾನಾ, ತಾಚಿ, ವಾಕಿಜಾಶಿ ಅಂದರೆ ಏನು ವ್ಯತ್ಯಾಸ?

ಉದ್ದ ಮತ್ತು ಧರಿಸುವ ರೀತಿ. ಸುಮಾರು 60 ಸೆಂಟಿಮೀಟರ್‌ಗಿಂತ ಉದ್ದ ಇದ್ದರೆ ಕಟಾನಾ ಅಥವಾ ತಾಚಿ. 30ರಿಂದ 60ರ ನಡುವೆ ವಾಕಿಜಾಶಿ. ಅದಕ್ಕಿಂತ ಚಿಕ್ಕದು ತಾಂತೋ. ತಾಚಿ ಹಳೆಯದು, ಕುದುರೆ ಸವಾರರದು, ಬಾಯಿ ಕೆಳಗೆ ಮಾಡಿ ತೂಗುಹಾಕುತ್ತಿದ್ದರು. ಕಟಾನಾವನ್ನು ಬಾಯಿ ಮೇಲೆ ಮಾಡಿ ಸೊಂಟಪಟ್ಟಿಗೆ ಸಿಕ್ಕಿಸುತ್ತಿದ್ದರು. ತೂಕ ಒಂದು ಕಿಲೋ ಆಸುಪಾಸು.

ಕತ್ತಿ ಎಷ್ಟು ಹಳೆಯದು, ಯಾರು ಮಾಡಿದ್ದು ಅಂತ ಹೇಗೆ ಹೇಳುತ್ತಾರೆ?

ಸಹಿ ನೋಡಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸಹಿ ಇರುವುದು ಹಿಡಿಯೊಳಗೆ ಅಡಗಿರುವ ನಾಕಾಗೋ ಅನ್ನುವ ಭಾಗದ ಮೇಲೆ. ಆದರೆ ಹೆಸರುವಾಸಿ ಕಮ್ಮಾರರ ಕಳ್ಳ ಸಹಿ ಹಾಕುವುದು ಶತಮಾನಗಳಿಂದ ನಡೆದುಬಂದ ದಂಧೆ. ಇನ್ನೊಂದು ಕಡೆ, ಅತಿ ಒಳ್ಳೆಯ ಎಷ್ಟೋ ಕತ್ತಿಗಳಿಗೆ ಸಹಿಯೇ ಇಲ್ಲ. ಉದ್ದನೆಯ ಹಳೆಯ ತಾಚಿಗಳನ್ನು ಆಮೇಲಿನವರು ಕೆಳಗಿನಿಂದ ಕತ್ತರಿಸಿ ಗಿಡ್ಡ ಮಾಡಿದಾಗ ಸಹಿ ಹೊರಟುಹೋಯಿತು.

ಹಾಗಾಗಿ ತಿಳಿದವರು ಮೊದಲು ಅಲಗನ್ನು ನೋಡುತ್ತಾರೆ, ಕೊನೆಗೆ ಸಹಿ. ಕಾಂತೇಯಿ ಅಂತ ಒಂದು ಆಟವೇ ಇದೆ. ನಾಕಾಗೋ ಕಾಣದ ಹಾಗೆ ಮುಚ್ಚಿ ಕತ್ತಿ ಕೊಡುತ್ತಾರೆ. ಆಕಾರ, ಹಾದಾ, ಹಾಮೊನ್ ನೋಡಿ ಮಾಡಿದವನ ಹೆಸರು ಚೀಟಿಯಲ್ಲಿ ಬರೆಯಬೇಕು. ಸರಿಯಿದ್ದರೆ 'ಅತಾರಿ'. ಅವನಲ್ಲದಿದ್ದರೂ ಅವನ ಗುಂಪಿನವನೇ ಆಗಿದ್ದರೆ 'ದೋಜೆನ್'. ಪೂರ್ತಿ ತಪ್ಪಾದರೆ 'ಇಯಾ'. ನನಗೆ ಸಿಕ್ಕಿದ್ದು ಒಂಬತ್ತು ಇಯಾ, ಒಂದು ದೋಜೆನ್. ಆ ದೋಜೆನ್ ಸಿಕ್ಕ ದಿನ ರೈಲಿನಲ್ಲಿ ಒಬ್ಬನೇ ನಗುತ್ತಾ ಮನೆಗೆ ಬಂದೆ.

ಕಾಲದ ಲೆಕ್ಕ ಹೀಗೆ: 1596ಕ್ಕಿಂತ ಹಿಂದಿನವು ಕೋತೋ, ಅಂದರೆ ಹಳೆಯ ಕತ್ತಿ. ಅಲ್ಲಿಂದ 1700ರ ದಶಕದ ಕೊನೆಯವರೆಗೆ ಶಿಂತೋ. ಆಮೇಲೆ 1876ರವರೆಗೆ ಶಿನ್‌ಶಿಂತೋ. ಆ ವರ್ಷ ಸರ್ಕಾರ ಕತ್ತಿ ಕಟ್ಟಿಕೊಂಡು ತಿರುಗುವುದನ್ನೇ ನಿಷೇಧಿಸಿತು. ಕಮ್ಮಾರರಲ್ಲಿ ಬಹಳ ಮಂದಿ ಕುಡುಗೋಲು, ಚಾಕುಗಳಿಗೆ ಇಳಿದರು. ಕೋತೋ ಕತ್ತಿಗಳಲ್ಲಿ ಯಾಮಾತೋ, ಯಾಮಾಶಿರೋ, ಬಿಜೆನ್, ಸೋಶೂ, ಮಿನೋ ಅಂತ ಐದು ಪರಂಪರೆ. ಜಪಾನಿನ ಅತಿ ಹೆಸರುವಾಸಿ ಕಮ್ಮಾರ ಮಾಸಾಮುನೆ ಸೋಶೂ ಪರಂಪರೆಯವನು. ನನ್ನ ಸೆಕಿ ಇರುವುದು ಮಿನೋದಲ್ಲಿ. ಸೊಗಸಿಗಿಂತ ಕೆಲಸಕ್ಕೆ ಬರುವ ಕತ್ತಿ ಅಂತ ಅದಕ್ಕೆ ಹೆಸರು. ನೋಡಲು ನನಗೆ ಇಷ್ಟ ಬಿಜೆನ್. ಲವಂಗದ ಮೊಗ್ಗಿನ ಸಾಲಿನ ಹಾಗೆ ಉಬ್ಬಿ ತಗ್ಗುವ ಅದರ ಹಾಮೊನ್‌ಗೆ ಚೋಜಿ ಅನ್ನುತ್ತಾರೆ. ಚೋಜಿ ಅಂದರೆ ಲವಂಗವೇ.

ಹಳೆಯ ಕತ್ತಿಯ ತುಕ್ಕು ಉಜ್ಜಿ ತೆಗೆಸಲಾ?

ದಯವಿಟ್ಟು ಬೇಡ! ನಾಕಾಗೋ ಮೇಲಿನ ಕಪ್ಪು ತುಕ್ಕು ಕತ್ತಿಯ ವಯಸ್ಸಿನ ಸಾಕ್ಷಿ. ಅದನ್ನು ಉಜ್ಜಿದರೆ ಜನ್ಮಪತ್ರಿಕೆ ಹರಿದು ಹಾಕಿದ ಹಾಗೆ. ಅಲಗಿನ ಮೇಲಿನ ಕೆಂಪು ತುಕ್ಕು ಬೇರೆ ವಿಷಯ, ಅದನ್ನು ತೆಗೆಯಬೇಕು. ಆದರೆ ಅದು ಸಾಣೆ ಹಿಡಿಯುವವನ ಕೆಲಸವಲ್ಲ, ತೋಗಿಶಿಯ ಕೆಲಸ. ತೋಗಿಶಿ ಅಂದರೆ ಕತ್ತಿ ಉಜ್ಜುವುದನ್ನೇ ವರ್ಷಗಟ್ಟಲೆ ಕಲಿತವನು. ಒರಟು ಕಲ್ಲಿನಿಂದ ಶುರುಮಾಡಿ, ಕೊನೆಗೆ ಉಗುರಿನಷ್ಟು ತೆಳ್ಳಗಿನ ಕಲ್ಲಿನ ಚೂರನ್ನು ಹೆಬ್ಬೆರಳ ಕೆಳಗಿಟ್ಟು ಉಜ್ಜುತ್ತಾನೆ. ಪ್ರತಿ ಸಲವೂ ಸ್ವಲ್ಪ ಉಕ್ಕು ಸವೆಯುತ್ತದೆ. ಒಂದು ಕತ್ತಿ ಇಂಥ ಉಜ್ಜುಗಳನ್ನು ತಡೆಯುವುದು ಕೆಲವೇ ಸಲ. ಗ್ರೈಂಡರ್ ಹಿಡಿದ ಒಬ್ಬನಿಂದ ಐದುನೂರು ವರ್ಷದ ಕತ್ತಿ ಒಂದು ಮಧ್ಯಾಹ್ನಕ್ಕೆ ಹಾಳಾಗಬಹುದು.

ಕೊಳ್ಳುವಾಗ ತುಕ್ಕಿಗಿಂತ ಹೆದರಬೇಕಾದದ್ದು ಹಾಗಿರೆಗೆ. ಬಾಯಿಗೆ ಅಡ್ಡವಾಗಿ ಕೂದಲೆಳೆಯಷ್ಟು ಸಣ್ಣ ಬಿರುಕು. ಅದಕ್ಕೆ ಮದ್ದಿಲ್ಲ.

ಎರಡನೇ ಮಹಾಯುದ್ಧದ ಕತ್ತಿಗಳಿಗೆ ಬೆಲೆ ಇದೆಯಾ?

ಇತಿಹಾಸದ ವಸ್ತುವಾಗಿ ಇದೆ. ಆದರೆ ಸೈನ್ಯಕ್ಕೆಂದು ರಾಶಿರಾಶಿ ಮಾಡಿದ ಬಹುತೇಕ ಕತ್ತಿಗಳು ಕಾರ್ಖಾನೆ ಉಕ್ಕಿನವು, ಮಡಿಸಿದ್ದಲ್ಲ, ನೀರಿನ ಬದಲು ಎಣ್ಣೆಯಲ್ಲಿ ಅದ್ದಿದವು. ನಾಕಾಗೋ ಮೇಲೆ ಸಣ್ಣ ಮುದ್ರೆ ಒತ್ತಿರುತ್ತಾರೆ. ಇವನ್ನು ಜಪಾನ್ ಕಲೆಯ ಕತ್ತಿ ಅಂತ ನೋಂದಾಯಿಸುವುದಿಲ್ಲ. ಅಪರೂಪಕ್ಕೆ ಅಧಿಕಾರಿಯೊಬ್ಬ ಮನೆತನದ ಹಳೆಯ ಅಲಗಿಗೇ ಸೈನ್ಯದ ಒರೆ ತೊಡಿಸಿಕೊಂಡು ಹೋದದ್ದೂ ಉಂಟು. ಅದಕ್ಕೇ ಒರೆ ನೋಡಿ ತೀರ್ಮಾನ ಮಾಡಬಾರದು.

ಈಗಲೂ ಮಾಡುವವರಿದ್ದಾರಾ? ಬೆಲೆ ಎಷ್ಟು?

ಇದ್ದಾರೆ, ಆದರೆ ಕಷ್ಟದ ಬದುಕು. ಪರವಾನಗಿ ಇರುವ ಗುರುವಿನ ಹತ್ತಿರ ಕಡಿಮೆ ಅಂದರೆ ಐದು ವರ್ಷ ಸಂಬಳವಿಲ್ಲದೆ ಕಲಿಯಬೇಕು. ಮೊದಲ ದಿನಗಳೆಲ್ಲ ಇದ್ದಿಲು ಕತ್ತರಿಸುವುದರಲ್ಲೇ ಹೋಗುತ್ತವೆ. ಆಮೇಲೆ ಸರ್ಕಾರದ ಪರೀಕ್ಷೆ. ಪಾಸಾದರೂ ತಿಂಗಳಿಗೆ ಎರಡೇ ಉದ್ದ ಕತ್ತಿ ಮಾಡಬಹುದು, ಅದಕ್ಕೂ ಕಾನೂನಿನ ಮಿತಿ. ಹೊಸ ಕಟಾನಾ ಒಂದಕ್ಕೆ ಹತ್ತು ಲಕ್ಷ ಯೆನ್ ದಾಟುವುದು ಸಾಮಾನ್ಯ. ತಮಾಷೆ ಅಂದರೆ, ಸಹಿಯಿಲ್ಲದ ಹಳೆಯ ವಾಕಿಜಾಶಿ ಅದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ.

ಬೆಲೆಯ ತುತ್ತತುದಿಯಲ್ಲಿ ಬೇರೆ ಲೋಕವೇ ಇದೆ. 2020ರಲ್ಲಿ ಒಕಾಯಾಮಾದ ಸೆತೊಉಚಿ ಅನ್ನುವ ಸಣ್ಣ ಊರು ಜನರಿಂದ ಹಣ ಕೂಡಿಸಿ ಯಾಮಾತೋರಿಗೆ ಅನ್ನುವ ಕತ್ತಿಯನ್ನು 50 ಕೋಟಿ ಯೆನ್‌ಗೆ ಕೊಂಡಿತು. ಆ ಊರಿನ ಒಸಾಫುನೆಯೇ ಹಳೆಯ ಬಿಜೆನ್ ಕಮ್ಮಾರರ ನೆಲೆ. ಮನೆಮಗಳನ್ನು ತವರಿಗೆ ಕರೆತಂದ ಹಾಗೆ ಸಂಭ್ರಮಪಟ್ಟರು.

ಪ್ರಮಾಣಪತ್ರ ಇದ್ದರೆ ಕಣ್ಣುಮುಚ್ಚಿ ಕೊಳ್ಳಬಹುದಾ?

ಎರಡು ಥರದ ಕಾಗದ ಇವೆ, ಕಲೆಸಿಕೊಳ್ಳಬೇಡಿ. ಜಪಾನಿನ ಪ್ರತಿ ಕತ್ತಿಗೂ ಸರ್ಕಾರಿ ನೋಂದಣಿ ಚೀಟಿ ಇರುತ್ತದೆ. ಅದು ಕಾನೂನಿನ ಕಾಗದ, ಗುಣಮಟ್ಟದ್ದಲ್ಲ. ಇನ್ನೊಂದು, 1948ರಲ್ಲಿ ಶುರುವಾದ ಜಪಾನಿ ಕಲಾ ಕತ್ತಿ ಸಂರಕ್ಷಣಾ ಸಂಘ ಕೊಡುವ ಪತ್ರ. ಅದರಲ್ಲಿ ಹೋಜೋನ್, ತೊಕುಬೆತ್ಸು ಹೋಜೋನ್, ಜೂಯೋ, ತೊಕುಬೆತ್ಸು ಜೂಯೋ ಅಂತ ಮೆಟ್ಟಿಲುಗಳಿವೆ. ಹೊಸಬರು ಹೋಜೋನ್ ಪತ್ರವಿಲ್ಲದ ಸಹಿಯನ್ನು ನಂಬಬಾರದು ಅನ್ನುವುದು ನನ್ನ ಅಭಿಪ್ರಾಯ. ಕಾಗದ ಮತ್ತು ಕತ್ತಿ ಒಂದಕ್ಕೊಂದು ತಾಳೆಯಾಗುತ್ತವಾ ಅಂತ ಅಳತೆ ಹಿಡಿದು ನೋಡಿ.

ಆರೈಕೆ ಕಷ್ಟಾನಾ?

ಇಲ್ಲ, ಶಿಸ್ತು ಬೇಕು. ಅಲಗಿಗೆ ಬೆರಳು ತಾಗಬಾರದು. ಬೆವರು ತಾಗಿದ ಜಾಗ ಕೆಲವೇ ದಿನಗಳಲ್ಲಿ ತುಕ್ಕು ಹಿಡಿಯುತ್ತದೆ. ಅಲಗಿನ ಮೇಲೆ ಬಗ್ಗಿ ಮಾತಾಡಲೂಬಾರದು, ಎಂಜಲು ಹನಿ ಬೀಳುತ್ತದೆ. ಹಳೆಯ ಎಣ್ಣೆಯನ್ನು ಮೆತ್ತನೆ ಕಾಗದದಿಂದ ಒರೆಸಿ, ಹೊಸದು ತೆಳ್ಳಗೆ ಸವರಿ, ಮೂರು ನಾಲ್ಕು ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಆಯಿತು. ಸಿನಿಮಾದಲ್ಲಿ ತಟ್ಟುವ ಬಿಳಿ ಪುಡಿಯ ಉಂಡೆ ಇದೆಯಲ್ಲ, ಉಚಿಕೋ, ಅದು ಕಲ್ಲಿನ ಪುಡಿ. ಪದೇ ಪದೇ ಹಾಕಿದರೆ ಸಣ್ಣ ಗೀರು ಬೀಳುತ್ತದೆ.

ಎಣ್ಣೆಗೆ ಲವಂಗದ ವಾಸನೆ. ಮೊದಲ ಸಲ ಮೂಸಿದಾಗ ನನಗೆ ನೆನಪಾದದ್ದು ಸಮುರಾಯಿಗಳಲ್ಲ, ಹಲ್ಲುನೋವು ಬಂದಾಗ ಅಜ್ಜಿ ಹತ್ತಿಯಲ್ಲಿ ಅದ್ದಿ ಇಡುತ್ತಿದ್ದ ಲವಂಗದೆಣ್ಣೆ.

ಇಟ್ಟಿಡುವಾಗ ಅಲಂಕಾರದ ಒರೆಯಲ್ಲಿ ಇಡುವುದಿಲ್ಲ. ಬಣ್ಣ ಹಚ್ಚದ ಬಿಳಿ ಮರದ ಒರೆಯಲ್ಲಿ ಇಡುತ್ತಾರೆ. ಹೋನೋಕಿ ಅನ್ನುವ ಆ ಮರ ನಮ್ಮ ಸಂಪಿಗೆಯ ದಾಯಾದಿ. ಎರಡು ಹೋಳು ಮಾಡಿ ಅನ್ನದ ಅಂಟಿನಿಂದ ಅಂಟಿಸಿರುತ್ತಾರೆ. ಫೆವಿಕಾಲ್ ಕಾಣದ ಕಾಲದಲ್ಲಿ ನಾವು ಗಾಳಿಪಟ ಅಂಟಿಸುತ್ತಿದ್ದೆವಲ್ಲ, ಅದೇ ಅನ್ನ. ಒಳಗೆ ಕಸ ಸೇರಿದರೆ ಸುಲಭವಾಗಿ ಬಿಡಿಸಿ ಶುಚಿ ಮಾಡಬಹುದು.

ಭಾರತಕ್ಕೆ ತರಬಹುದಾ?

ಸುಮ್ನೆ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಆಯುಧ ಆಮದಿಗೆ ಪರವಾನಗಿ ಬೇಕು. 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿನ ಕತ್ತಿಗಳು ನಿಯಮದ ಪಟ್ಟಿಯಲ್ಲಿವೆ. ಕೊಡವರ ಮನೆಯಲ್ಲಿ ಒಡಿಕತ್ತಿ ಇರುತ್ತಲ್ಲ ಅಂತ ಕೇಳುತ್ತಾರೆ. ಅವರಿಗಿರುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಜಪಾನಿನಿಂದ ಕತ್ತಿ ತರಿಸುವುದಕ್ಕೆ ಅದು ದಾರಿ ಅಲ್ಲ. ಮೊದಲು ಪರವಾನಗಿ ಕೊಡುವ ಅಧಿಕಾರಿಯನ್ನೂ ಕಸ್ಟಮ್ಸ್‌ನವರನ್ನೂ ಬರಹದಲ್ಲಿ ಕೇಳಿ. ಜಪಾನಿನ ಕಡೆಯಿಂದಲೂ ರಫ್ತಿಗೆ ಅನುಮತಿ ಪತ್ರ ಬೇಕು, ನೋಂದಣಿ ಚೀಟಿ ವಾಪಸ್ ಕೊಡಬೇಕು.

ನಾನೇ ಏನು ಮಾಡಿದೆ ಅಂದರೆ, ಅಲ್ಲಿ ಕೊಂಡಿದ್ದ ಸಹಿಯಿಲ್ಲದ ವಾಕಿಜಾಶಿಯನ್ನು ಬರುವಾಗ ಅಲ್ಲೇ ಮಾರಿದೆ. ಕೊಂಡವರು ಕಿಟಕಿ ಪಕ್ಕ ಕೂತು ಮುಕ್ಕಾಲು ಗಂಟೆ ನೋಡಿದರು. ಬೆಲೆ ಬಗ್ಗೆ ಒಂದು ಮಾತೂ ಆಡಲಿಲ್ಲ.

ಹಾಗಾದರೆ ಇಲ್ಲಿ ಕೂತು ಸಂಗ್ರಹ ಶುರುಮಾಡುವುದು ಹೇಗೆ?

ತ್ಸುಬಾದಿಂದ. ಹಿಡಿಗೂ ಅಲಗಿಗೂ ನಡುವೆ ಇರುವ, ಅಂಗೈಯಗಲದ ಲೋಹದ ಬಿಲ್ಲೆ. ಅದು ಆಯುಧ ಅಲ್ಲ, ಹರಿತವೂ ಇಲ್ಲ. ಕಬ್ಬಿಣದಲ್ಲಿ ಕೊರೆದ ಕೊಕ್ಕರೆ, ಹೂವು, ಮಳೆ, ಚಂದ್ರ ಎಲ್ಲ ಇವೆ. ನನ್ನ ಹತ್ತಿರ ಮೂರಿವೆ. ಒಂದು ಬರೀ ಕಬ್ಬಿಣದ್ದು, ಚಿತ್ರವೇ ಇಲ್ಲ, ಸುತ್ತಿಗೆಯ ಗುರುತು ಮಾತ್ರ. ಬಂದವರೆಲ್ಲ ಕೊಕ್ಕರೆಯದನ್ನು ಹೊಗಳುತ್ತಾರೆ. ನಾನು ದಿನಾ ಕೈಗೆತ್ತಿಕೊಳ್ಳುವುದು ಬರೀ ಕಬ್ಬಿಣದ್ದನ್ನು. ಕಳ್ಳ ತ್ಸುಬಾಗಳೂ ಬೇಕಾದಷ್ಟಿವೆ, ಅಚ್ಚಿನಲ್ಲಿ ಎರಕ ಹೊಯ್ದವು. ಒಳಗಿನ ಅಂಚುಗಳಲ್ಲಿ ಅರದ ಗುರುತಿಲ್ಲದೆ ನುಣ್ಣಗೆ, ಕರಗಿದ ಬೆಲ್ಲದ ಹಾಗೆ ಇದ್ದರೆ ಬಿಟ್ಟುಬಿಡಿ.

ಮುರಾಮಾಸಾ ಕತ್ತಿಗೆ ಶಾಪ ಇದೆಯಂತೆ?

ಮುರಾಮಾಸಾ ಅನ್ನುವ ಕಮ್ಮಾರ ಇದ್ದದ್ದು ನಗೋಯಾ ಹತ್ತಿರದ ಕುವಾನಾದಲ್ಲಿ. ಹತ್ತಿರದ ಮಿಕಾವಾ ಸೀಮೆಯ, ಮುಂದೆ ಜಪಾನ್ ಆಳಿದ ತೊಕುಗಾವಾ ಮನೆತನದ ಕೆಲವರಿಗೆ ಅವನ ಕತ್ತಿಯಿಂದ ಸಾವು, ಗಾಯ ಆಯಿತು ಅಂತ ಕಥೆ. ಆ ಭಾಗದ ಸೈನಿಕರ ಕೈಯಲ್ಲೆಲ್ಲ ಇದ್ದದ್ದು ಅವನ ಕತ್ತಿಯೇ, ಇನ್ಯಾರದ್ದು ತಾಗಬೇಕಿತ್ತು?

ಜಪಾನಿಗೆ ಹೋದರೆ ಎಲ್ಲಿ ನೋಡಲಿ?

ಟೋಕಿಯೋದಲ್ಲಿ ಎರಡು ಜಾಗ. ಉಏನೋದ ರಾಷ್ಟ್ರೀಯ ಮ್ಯೂಸಿಯಮ್, ಮಿಕಾಜುಕಿ ಮುನೆಚಿಕಾ ಅನ್ನುವ ಹೆಸರುವಾಸಿ ಕತ್ತಿ ಇರುವುದು ಇಲ್ಲೇ. ಹಾಮೊನ್ ಮೇಲೆ ಎಳೆಚಂದ್ರನ ಗುರುತುಗಳಿರುವುದರಿಂದ ಆ ಹೆಸರು. ಯಾವಾಗಲೂ ಹೊರಗಿಟ್ಟಿರುವುದಿಲ್ಲ, ಹೋಗುವ ಮೊದಲು ವಿಚಾರಿಸಿ. ಇನ್ನೊಂದು ಸುಮೋ ಕುಸ್ತಿಯ ರ‍್ಯೋಗೊಕುವಿನಲ್ಲಿರುವ ಕತ್ತಿ ಮ್ಯೂಸಿಯಮ್, 2018ರಲ್ಲಿ ಅಲ್ಲಿಗೆ ಬಂತು. ಚಿಕ್ಕದು, ಆದರೆ ಬೆಳಕನ್ನು ಕತ್ತಿಗೆಂದೇ ಹೊಂದಿಸಿದ್ದಾರೆ. 2015ರಲ್ಲಿ ಹಳೆಯ ಕತ್ತಿಗಳನ್ನೇ ಹೀರೋಗಳನ್ನಾಗಿ ಮಾಡಿದ ಒಂದು ಗೇಮ್ ಬಂದ ಮೇಲೆ ಹುಡುಗಿಯರ ಸಾಲು ಜೋರು. ಅವರಲ್ಲಿ ಬಹಳ ಮಂದಿ ನನಗಿಂತ ಚೆನ್ನಾಗಿ ನಿಎ, ನಿಓಯಿ ಬಿಡಿಸಿ ಹೇಳುತ್ತಾರೆ. ಸಮಯ ಇದ್ದರೆ ಒಸಾಫುನೆಗೂ ಹೋಗಿ, ಅಲ್ಲಿ ಕುಲುಮೆ, ಉಜ್ಜುವುದು, ಒರೆ ಮಾಡುವುದು ಎಲ್ಲ ಒಂದೇ ಆವರಣದಲ್ಲಿ ನೋಡಲು ಸಿಗುತ್ತದೆ.

ಮಂಡಿ ನೋವಿರುವವರು ಕುಕ್ಕರಗಾಲಲ್ಲಿ ಕೂರಬೇಕಿಲ್ಲ, ತಲೆಯನ್ನು ನಿಧಾನಕ್ಕೆ ಮೇಲೆ ಕೆಳಗೆ ಮಾಡಿದರೂ ಆಗುತ್ತದೆ. ಟೋಕಿಯೋದ ಎರಡಕ್ಕೂ ಸಾಮಾನ್ಯವಾಗಿ ಸೋಮವಾರ ರಜೆ.